ಸರ್ಕಾರ ಬೇಡವೆಂದವರ ವಾಲ್ವ್ ಕೀಲಿ

ಮನುಷ್ಯನಿಗೆ ಸರ್ಕಾರವೆಂಬುದು ಬೇಕೇ ಬೇಡವೇ ಎನ್ನುವುದು ಬಹು ಗಹನವಾದ ಪ್ರಶ್ನೆ. ನಾನಾ ದೇಶಗಳ ಮಹಾಮೇಧಾವಿಗಳು ಇದಕ್ಕಾಗಿ ತಲೆ ನರೆಸಿಕೊಂಡಿದ್ದಾರೆ. ಆದರೆ ಅವರಲ್ಲಿ ಒಬ್ಬರ ಮನೆಯೂ ಬಸವನಗುಡಿಯ ನಮ್ಮ ಅಡ್ಡರಸ್ತೆಯ ಏರಿನ ತುದಿಯಲ್ಲಿ ಇರಲಿಲ್ಲವಾದ್ದರಿಂದ ಅವರ ಅಭಿಪ್ರಾಯಗಳನ್ನು ಪೂರ್ತಿ ನಂಬುವಂತಿಲ್ಲ.

ನಮ್ಮ ಬೀದಿಯಲ್ಲಿ ಈ ಪ್ರಶ್ನೆಯನ್ನು ಒಬ್ಬರು ಆಗಲೇ ಬಗೆಹರಿಸಿಬಿಟ್ಟಿದ್ದರು. ಬೇಡ ಎಂದು. ಅವರ ಹೆಸರನ್ನು ನಾನು ಹೇಳುವುದಿಲ್ಲ. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಮಗಳು ಅದೇ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಹಾಲು ತರಲು ನಾನು ಅವಳ ಗೇಟಿನ ಮುಂದೆಯೇ ಹಾದುಹೋಗಬೇಕು. ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ಅವರಿಗೆ ಊದಿನಕಡ್ಡಿಯ ಸಗಟು ಅಂಗಡಿ ಇದ್ದದ್ದರಿಂದ ಬೀದಿಯವರೆಲ್ಲ ‘ಊದಿನಕಡ್ಡಿಯವರು’ ಎನ್ನುತ್ತಿದ್ದರು. ಇಲ್ಲಿಯೂ ಅದೇ ಇರಲಿ.

ಅಂಗಡಿಯನ್ನು ಅಳಿಯನ ಕೈಗೆ ಬಿಟ್ಟ ಮೇಲೆ ಅವರು ಹೆಚ್ಚಾಗಿ ಮನೆಯ ಮುಂದಿನ ಜಗಲಿಯ ಮೇಲೆಯೇ ಇರುತ್ತಿದ್ದರು. ಇಸ್ತ್ರಿ ಮಾಡಿದ ಪಂಚೆ, ತುಂಡುತೋಳಿನ ಬಿಳಿ ಅಂಗಿ. ಎಷ್ಟು ಸ್ನಾನ ಮಾಡಿದರೂ ಮೈಯಿಂದ ಸಾಂಬ್ರಾಣಿ ಹೋಗಿರಲಿಲ್ಲ. ಅವರು ಎದುರಾದರೆ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಅವರು, ಅವರ ಹಿಂದೆಯೇ ಸರ್ಕಾರದ ವಿಷಯ. ‘ಸರ್ಕಾರ’ ಎಂಬ ಮಾತು ಬಾಯಿಗೆ ಬಂದ ಕೂಡಲೇ ಬಲಗೈ ಮೇಲೇಳುತ್ತಿತ್ತು. ಕಾಣದ ಕಡ್ಡಿಯೊಂದರ ಬೂದಿ ಕೊಡವುವಂತೆ ತೋರುಬೆರಳು ಗಾಳಿಯಲ್ಲಿ ಒಮ್ಮೆ ತಟ್ಟುತ್ತಿತ್ತು. ಕಂದಾಯ, ತೆರಿಗೆ, ಸಚಿವ ಸಂಪುಟ ಎಲ್ಲವೂ ಆ ಒಂದು ತಟ್ಟಿಗೆ ಉದುರಿಹೋಗುತ್ತಿದ್ದವು.

“ಸರ್ಕಾರ ಅಂದ್ರೆ ಊದಿನಕಡ್ಡಿಯೊಳಗಿನ ಬಿದಿರು ಸ್ವಾಮಿ,” ಎನ್ನುತ್ತಿದ್ದರು. “ಪರಿಮಳ ಎಲ್ಲಾ ಮಸಾಲೆದು. ಬಿದಿರು ಮಾತ್ರ ಕೊನೇಲಿ ಸುಟ್ಟ ಮೂತಿ ಇಟ್ಕೊಂಡು ನಿಂತಿರುತ್ತೆ, ಎಲ್ಲಾ ನಾನೇ ಮಾಡಿದ್ದು ಅಂತ.”

ಒಳಗಿನಿಂದ ಅವರ ಹೆಂಡತಿಯ ಧ್ವನಿ ಬರುತ್ತಿತ್ತು. “ಬಿದಿರು ತೆಗೆದು ಬರೀ ಮಸಾಲೆ ನಿಲ್ಲಿಸಿ ತೋರಿಸಿ, ನೋಡೋಣ.”

“ಯಾಕೆ, ಧೂಪ ನಿಲ್ಲಲ್ವಾ?”

“ಅದನ್ನ ನೀವು ಮಾರ್ಲಿಲ್ವಲ್ಲ.”

ಇಂಥ ಆಂತರಿಕ ವ್ಯವಹಾರದ ಪ್ರಶ್ನೆಗಳಿಗೆ ಅವರು ಸಾರ್ವಜನಿಕವಾಗಿ ಉತ್ತರಿಸುತ್ತಿರಲಿಲ್ಲ.

ಸಿದ್ಧಾಂತವನ್ನು ಅವರು ಬಾಯಲ್ಲಿ ಮಾತ್ರ ಇಟ್ಟುಕೊಂಡವರಲ್ಲ. ಸ್ಕೂಟರಿನಲ್ಲಿ ಹೋಗುವಾಗ ಕೆಂಪು ದೀಪಕ್ಕೆ ನಿಲ್ಲುತ್ತಿರಲಿಲ್ಲ. “ಆ ದೀಪಕ್ಕೆ ಕಣ್ಣಿದೆಯಾ? ನನಗಿದೆ. ಯಾರೂ ಬರ್ತಿಲ್ಲ ಅಂತ ನನಗೆ ಕಾಣುತ್ತೆ,” ಎಂದು ವಾದ. ಒಂದು ಭಾನುವಾರ ಬೆಳಿಗ್ಗೆ ಹೀಗೆ ದಾಟಿದಾಗ ಮರದ ನೆರಳಿನಿಂದ ಪೊಲೀಸಿನವನೊಬ್ಬ ಹೊರಬಂದು ಸ್ಕೂಟರಿನ ಕೀಲಿ ಕಿತ್ತುಕೊಂಡ. ಇವರು ದೀಪದ ಕಣ್ಣಿನ ವಿಷಯ ವಿವರಿಸಿದರು. ಅವನು ಸಮಾಧಾನವಾಗಿ ಕೇಳಿ, “ಸರಿ ಸಾರ್. ನಾನು ಯಾಕೆ ಕಾಣ್ಲಿಲ್ಲ ನಿಮಗೆ?” ಎಂದ. ಈ ಪ್ರಸಂಗವನ್ನು ನಮಗೆ ಹೇಳಿದವರು ಅವರೇ. ಪೊಲೀಸಿನವನ ಪ್ರಶ್ನೆ ಅವರಿಗೆ ಅಷ್ಟು ಹಿಡಿಸಿತ್ತು.

ರೇಡಿಯೋ ಸರ್ಕಾರದ್ದೆಂದು ಅವರು ಅದರ ಸಮಯಕ್ಕೆ ಗಡಿಯಾರ ಸರಿಮಾಡಿಕೊಳ್ಳುತ್ತಿರಲಿಲ್ಲ. ಹತ್ತಿರದ ಗುಡಿಯ ಗಂಟೆ ಸಾಕಾಗಿತ್ತು. ಆ ಗುಡಿಯೂ ಮುಜರಾಯಿ ಇಲಾಖೆಗೆ ಸೇರಿದ್ದು, ಗಂಟೆ ಹೊಡೆಯುವವನಿಗೆ ಸಂಬಳ ಅಲ್ಲಿಂದಲೇ ಬರುತ್ತದೆ ಎಂದು ಯಾರೋ ಕಿವಿಗೆ ಹಾಕಿದರು. ಮಾರನೆಯ ದಿನದಿಂದ ಅವರು ಹಸಿವಿನ ಮೇಲೆ ಹೊತ್ತು ತಿಳಿಯತೊಡಗಿದರು. ಆ ಮನೆಯಲ್ಲಿ ಮಧ್ಯಾಹ್ನದ ಊಟ ಬರಬರುತ್ತ ಬೆಳಿಗ್ಗೆಯ ಕಡೆಗೆ ಸರಿಯಿತು.

ಇಷ್ಟೆಲ್ಲ ಇದ್ದರೂ ಅವರಿಂದ ಬೀದಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಶುರುವಾದದ್ದು ಅವರ ಕೈಗೆ ಕೀಲಿ ಬಂದ ಮೇಲೆ.

ನಮ್ಮ ಬೀದಿ ಏರುಬೀದಿ. ಬುಡದಲ್ಲಿ, ಕಲ್ಲಿನ ಮುಚ್ಚಳದ ಕೆಳಗೆ, ನೀರಿನ ವಾಲ್ವ್ ಇದೆ. ದಿನ ಬಿಟ್ಟು ದಿನ ನೀರಿನ ಇಲಾಖೆಯವನೊಬ್ಬ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ವಾಲ್ವ್ ತಿರುಗಿಸಿ ನಮಗೆ ನೀರು ಬಿಡುತ್ತಿದ್ದ; ಅದನ್ನು ಮುಚ್ಚಿದ ಮೇಲೆಯೇ ಪಕ್ಕದ ಬೀದಿಗೆ ನೀರು. ಕೆಳಗಿನ ಮನೆಗಳ ತೊಟ್ಟಿಗಳು ತುಂಬುವ ತನಕ ನೀರು ಏರು ಹತ್ತುತ್ತಿರಲಿಲ್ಲ. ತುತ್ತತುದಿಯ ಮನೆ ಪದ್ದಮ್ಮನವರದು. ಗಂಡ ಹೋದ ಮೇಲೆ ಅವರು ಒಬ್ಬಟ್ಟು ಮಾಡಿ ಮನೆಮನೆಗೆ ಕೊಟ್ಟು ಜೀವನ ಮಾಡುತ್ತಿದ್ದರು. ಅವರ ಡ್ರಮ್ಮು ತುಂಬುವ ತನಕ ನೀರಿನವನು ವಾಲ್ವ್ ಮುಚ್ಚುತ್ತಿರಲಿಲ್ಲ. ಹೋಗುವಾಗ ಅವನ ಕೈಯಲ್ಲಿ ಬಾಳೆಲೆಯ ಪೊಟ್ಟಣವೊಂದು ಇರುತ್ತಿತ್ತು. ಪಕ್ಕದ ಬೀದಿಯವರು ಒಂದಿಷ್ಟು ಗೊಣಗುತ್ತಿದ್ದರು. ಹೀಗೆ ಲೋಕ ನಡೆದಿತ್ತು.

ಇದು ಊದಿನಕಡ್ಡಿಯವರ ಕಣ್ಣಿಗೆ ಬಿತ್ತು. ಒಂದು ದಿನ ನೀರಿನವನನ್ನು ಜಗಲಿಯ ಹತ್ತಿರ ನಿಲ್ಲಿಸಿದರು.

“ಏನಪ್ಪಾ ಕೈಲಿ?”

“ಒಬ್ಬಟ್ಟು ಸಾರ್. ಪದ್ದಮ್ಮನೋರು ಕೊಟ್ರು.”

“ಇದಕ್ಕೆ ಏನಂತಾರೆ ಗೊತ್ತಾ?”

“ಕಾಯೊಬ್ಬಟ್ಟು ಅಂತಾರೆ ಸಾರ್.”

“ಲಂಚ ಅಂತಾರೆ!”

ನೀರಿನವನು ಪೊಟ್ಟಣವನ್ನು ಹೊಸದಾಗಿ ನೋಡುವವನಂತೆ ನೋಡಿದ. “ಬಿಸಿ ಇದೆ ಸಾರ್. ಅರ್ಧ ತಗೋತೀರಾ?” ಎಂದ.

ಅಂದಿನಿಂದ ಆ ಒಬ್ಬಟ್ಟು ಊದಿನಕಡ್ಡಿಯವರ ಉಪನ್ಯಾಸಗಳಲ್ಲಿ ಖಾಯಂ ಸ್ಥಾನ ಪಡೆಯಿತು. “ಒಂದು ವಾಲ್ವ್ ತಿರುಗಿಸೋಕೆ ಒಂದು ಇಲಾಖೆ, ಇಲಾಖೆಗೆ ಒಬ್ಬ ಮಂತ್ರಿ, ಮಂತ್ರಿಗೆ ಒಂದು ಕಾರು. ನಾವು ನಾವೇ ತಿರುಗಿಸ್ಕೊಂಡ್ರೆ ಏನಾಗುತ್ತೆ?” ಎಂದು ಕೇಳುತ್ತಿದ್ದರು. ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲದ ಕಾರಣ ಯಾರೂ ಉತ್ತರಿಸುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ವರ್ಷ ಸಂಕ್ರಾಂತಿ ಕಳೆದ ಸುಮಾರಿಗೆ, ಆ ಇಲಾಖೆಯವರು ಮುಷ್ಕರ ಹೂಡಿದರು. ದೊಡ್ಡ ಪೈಪಿನಲ್ಲಿ ನೀರಿತ್ತು. ನಮ್ಮ ವಾಲ್ವ್ ತಿರುಗಿಸುವವನಿರಲಿಲ್ಲ. ಬೀದಿಯವರು ಬಿಂದಿಗೆ ಹಿಡಿದು ಆಕಾಶ ನೋಡುತ್ತಿದ್ದಾಗ ಊದಿನಕಡ್ಡಿಯವರು ಆಟೋ ಹಿಡಿದು ಕಾಟನ್‌ಪೇಟೆಗೆ ಹೋದರು. ಸಂಜೆ ಬಂದಾಗ ಆಟೋದ ಎರಡೂ ಕಡೆಯಿಂದ ಹೊಸ ಕಬ್ಬಿಣದ ಕೀಲಿ ಹೊರಗೆ ಚಾಚಿಕೊಂಡಿತ್ತು. ಅಲ್ಲಿನ ಕಮ್ಮಾರನಿಗೆ ಕೈಯಳತೆಯಲ್ಲೇ ವಿವರಿಸಿ ಮಾಡಿಸಿದ್ದರು. ಪಂಚೆ ಎತ್ತಿ ಕಟ್ಟಿ, ಮುಚ್ಚಳ ಸರಿಸಿ, ಕೀಲಿ ಇಳಿಸಿ ತಿರುಗಿಸಿದರು. ಕೆಳಗಿನ ಮನೆಯ ನಲ್ಲಿ ಕೆಮ್ಮಿತು. ನೀರು ಬಂತು. ಹೆಂಗಸರು ಕೈಮುಗಿದರು. ಊದಿನಕಡ್ಡಿಯವರು ಕೀಲಿಯ ಮೇಲೆ ಕೈಯೂರಿ ನಿಂತು, “ಎಲ್ಲಿದೆ ಸರ್ಕಾರ?” ಎಂದು ಬೆರಳು ತಟ್ಟಿದರು. ಆ ದಿನ ಅವರಷ್ಟು ಸುಖಿ ಬಸವನಗುಡಿಯಲ್ಲಿ ಇನ್ನೊಬ್ಬರಿರಲಿಲ್ಲ.

ಮುಷ್ಕರ ಮುಗಿದು ನೀರಿನವನು ವಾಪಸಾದಾಗ ಇವರು ವಾಲ್ವಿನ ಮೇಲೆ ಬಗ್ಗಿದ್ದರು. ಜಗಳವಾಗುತ್ತದೆಂದು ನಾವೆಲ್ಲ ಗೇಟಿಗೆ ಬಂದೆವು. ಅವನು ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಮೆಚ್ಚುಗೆಯಿಂದ ನೋಡಿದ.

“ಚೆನ್ನಾಗಿ ತಿರುಗಿಸ್ತೀರಾ ಸಾರ್. ಸೊಂಟ ಮಾತ್ರ ಬಗ್ಗಿಸ್ಬೇಡಿ, ಆಮೇಲೆ ಹಿಡ್ಕೊಳುತ್ತೆ,” ಎಂದು ಹೇಳಿ ಹೊರಟುಹೋದ. ಆಮೇಲೆ ಅವನು ತಾನಾಗಿ ನಮ್ಮ ಬೀದಿಗೆ ಬರಲೇ ಇಲ್ಲ. ಸಂಬಳ ತಿಂಗಳು ತಿಂಗಳು ಬರುತ್ತಿತ್ತೆಂದು ಕೇಳಿದ್ದೇನೆ. ಸರ್ಕಾರವೊಂದು ಇಷ್ಟು ನಗುನಗುತ್ತ ಅಧಿಕಾರ ಬಿಟ್ಟುಕೊಟ್ಟ ನಿದರ್ಶನ ಚರಿತ್ರೆಯಲ್ಲಿ ವಿರಳ.

ಹೊಸ ಆಡಳಿತದ ಮೊದಲ ನಿಯಮ ಸಮಾನತೆ. ಇಂತಿಷ್ಟು ಹೊತ್ತು ನಮ್ಮ ಬೀದಿಗೆ, ಅಷ್ಟೇ ಹೊತ್ತು ಪಕ್ಕದ ಬೀದಿಗೆ. ಹೊತ್ತು ಮುಗಿಯಿತೋ ವಾಲ್ವ್ ಬಂದ್. ಒಬ್ಬಟ್ಟಿನ ಪ್ರಭಾವ ನಡೆಯುವಂತಿರಲಿಲ್ಲ. ಇದಕ್ಕಾಗಿ ಅವರು ಗಡಿಯಾರವನ್ನು ಮತ್ತೆ ರೇಡಿಯೋಕ್ಕೆ ಸರಿಮಾಡಿಕೊಂಡರು. ಅದನ್ನು ನಾವು ಯಾರೂ ಎತ್ತಿ ಆಡಲಿಲ್ಲ.

ಕೆಲವೇ ವಾರಗಳಲ್ಲಿ ಜಗಲಿಯ ಮುಂದೆ ಜನ ಸೇರತೊಡಗಿದರು. “ಸಾರ್, ಇವತ್ತು ಬೇಗ ನಿಲ್ಲಿಸಿದ್ರಿ.” “ಸಾರ್, ನಾಳೆ ನಮ್ಮನೇಲಿ ನಾಮಕರಣ, ಸ್ವಲ್ಪ ನೋಡ್ಕೊಳ್ಳಿ.” ಮೊದಮೊದಲು ಎಲ್ಲರನ್ನೂ ಕೂರಿಸಿ ಕೇಳಿದರು. ಆಮೇಲೆ ಕಾಫಿಯಾದ ಮೇಲೆ ಮಾತ್ರ ಬರಬೇಕೆಂದರು. ಆಮೇಲೆ ಹೆಂಡತಿ ಕಿಟಕಿಯಿಂದ, “ಊಟ ಮಾಡ್ತಿದಾರೆ, ನಾಳೆ ಬನ್ನಿ,” ಎನ್ನತೊಡಗಿದರು. ಒಮ್ಮೆ ಅವರು ಮದುವೆಗೆಂದು ಮೈಸೂರಿಗೆ ಹೋದರು. ಕೀಲಿ ಕೋಣೆಯಲ್ಲಿ, ಕೋಣೆಗೆ ಬೀಗ. “ಸಾಹೇಬ್ರು ಟೂರ್ ಮೇಲಿದಾರೆ,” ಎಂದು ಬೀದಿ ಬಿಂದಿಗೆ ಹಿಡಿದು ಕೂತಿತು.

ಪದ್ದಮ್ಮನವರು ಮೊಣಕಾಲು ನೋವಿನವರು. ಒಂದೊಂದೇ ಹೆಜ್ಜೆ ಇಳಿದುಬಂದರು.

“ನಮ್ಮ ನಲ್ಲಿಲಿ ಬರೀ ಗಾಳಿ ಬರ್ತಿದೆ ಕಣ್ರೀ. ಬೇಸಿಗೆಗೇನೋ ಚೆನ್ನಾಗೇ ಇದೆ. ಬೇಳೆ ಮಾತ್ರ ಬೇಯಲ್ಲ.”

“ಎಲ್ಲರಿಗೂ ಒಂದೇ ನ್ಯಾಯ ಪದ್ದಮ್ಮನೋರೆ.”

“ನಿಮ್ಮ ನ್ಯಾಯ ನಾಗರಾಜು ಮನೆ ತನಕ ಬಂದು ನಿಂತ್ಬಿಡುತ್ತಲ್ಲ. ನಮ್ಮನೆಗೆ ಏರಲ್ವಲ್ಲ, ಏನು ಮಾಡ್ಲಿ?”

ಹೋಗುವಾಗ ಅಭ್ಯಾಸಬಲದಿಂದ ಒಂದು ಡಬ್ಬಿ ಒಬ್ಬಟ್ಟನ್ನು ಜಗಲಿಯ ಮೇಲಿಟ್ಟರು. ಊದಿನಕಡ್ಡಿಯವರು ಡಬ್ಬಿ ತೆಗೆದೂ ನೋಡದೆ, ಏರು ಹತ್ತಿ ತಾವೇ ಹಿಂದಿರುಗಿಸಿ ಬಂದರು. ಅವರ ಹೆಂಡತಿ ಅಂದು ಅವರೊಡನೆ ಮಾತಾಡಲಿಲ್ಲ. ಅಧಿಕಾರಿಗಳ ಪ್ರಾಮಾಣಿಕತೆಗೆ ಮೊದಲು ಬಲಿಯಾಗುವುದು ಅವರ ಮನೆಯವರು.

ನಾಗರಾಜು ಬೀದಿಯ ನಡುಮಧ್ಯದವನು. ಹೊಸಕೋಟೆ ಕಡೆಯ ಜಮೀನು ಮಾರಿ ಬಂದು ಸೈಟು ವ್ಯಾಪಾರದಲ್ಲಿ ಮೇಲೆ ಬಂದು ಮನೆಯ ಮೇಲೆ ಮನೆ ಕಟ್ಟಿಸುತ್ತಿದ್ದ. ಒಳ್ಳೆಯ ಮನುಷ್ಯ, ಯಾರು ಹೋದರೂ ಕಾಫಿ. ನಲ್ಲಿಯ ಬಾಯಿಗೇ ಮೋಟಾರು ಕೂರಿಸಿದ್ದ ಎಂಬುದೊಂದು ಬಿಟ್ಟರೆ ಅವನ ಮೇಲೆ ಹೇಳುವಂಥದ್ದೇನಿರಲಿಲ್ಲ. ಮೊದಲು ನೀರಿನವನು ಬರುವ ಹೊತ್ತಿಗೆ, ಲೈನ್ ಕತ್ತರಿಸಿಯಾನೆಂಬ ಭಯಕ್ಕೆ, ಮೋಟಾರು ಸುಮ್ಮನಿರುತ್ತಿತ್ತು. ಈಗ ಅದು ಹಾಡುತ್ತಲೇ ಇತ್ತು.

ಯುಗಾದಿ ಬಂತು. ಪದ್ದಮ್ಮನವರಿಗೆ ವರ್ಷದ ಬಾಡಿಗೆ, ಮೊಮ್ಮಗಳ ಸ್ಕೂಲು ಎಲ್ಲಾ ಆ ಒಂದು ಹಬ್ಬದ ಒಬ್ಬಟ್ಟಿನ ಮೇಲೆಯೇ. ನಮ್ಮ ಬೀದಿಯಲ್ಲದೆ ಸುತ್ತಲಿನ ಬೀದಿಗಳೂ ಅವರಿಗೇ ಹೇಳಿಟ್ಟಿದ್ದವು. ಈ ವರ್ಷ ತಪ್ಪಿದರೆ ಗಿರಾಕಿಗಳು ಗಾಂಧಿ ಬಜಾರಿನ ಸಿಹಿ ಅಂಗಡಿಗಳ ಪಾಲಾಗುತ್ತಾರೆ, ಮತ್ತೆ ಏರು ಹತ್ತಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಬ್ಬದ ಹಿಂದಿನ ದಿನವೇ ನೀರಿನ ಸರದಿ. ಅಂದು ಬೇಳೆ ಬೇಯಬೇಕು, ಕಣಕ ಕಲಸಬೇಕು.

“ಇದೊಂದು ದಿನ ನೀರು ಮೇಲಕ್ಕೆ ಕಳಿಸಿಕೊಡಿ. ನಿಮ್ಮನ್ನೇ ನಂಬಿದೀನಿ,” ಎಂದರು.

“ನಾನಿದೀನಿ,” ಎಂದರು ಊದಿನಕಡ್ಡಿಯವರು.

ಮಧ್ಯಾಹ್ನ ವಾಲ್ವ್ ತೆರೆದರು. ನೀರು ನಾಗರಾಜುವಿನ ಮನೆಯ ತನಕ ಹೋಗಿ, ಅಲ್ಲಿಂದ ಮೋಟಾರಿನ ಮೂಲಕ ಅವನ ತಾರಸಿಗೆ ಹೋಯಿತು. ಊದಿನಕಡ್ಡಿಯವರು ಅವನ ಗೇಟಿಗೆ ಹೋದರು. ಕೀಲಿ ಅವರ ಕೈಯಲ್ಲೇ ಇತ್ತು. ನಾನು ನನ್ನ ಗೇಟಿನಲ್ಲಿದ್ದೆ.

“ನಾಗರಾಜು, ಸ್ವಲ್ಪ ಹೊತ್ತು ಮೋಟಾರು ನಿಲ್ಸಪ್ಪ. ಮೇಲಿನ ಮನೆಗೆ ನೀರು ಹತ್ತಲಿ.”

“ಬನ್ನಿ ಸಾರ್, ಕಾಫಿ ಕುಡೀರಿ. ನಿನ್ನೆ ತಾನೆ ತಾರಸಿ ಮೋಲ್ಡಿಂಗ್ ಆಗಿದೆ, ಅದರ ಮೇಲೆ ನೀರು ನಿಲ್ಲಿಸ್ಬೇಕಲ್ಲ.”

“ಪದ್ದಮ್ಮನೋರ ಕೆಲಸ ನಿಂತಿದೆ ಕಣಯ್ಯ.”

“ಪಾಪ ಸಾರ್.”

“ಪಾಪ ಅಂದ್ರೆ ಆಗಲ್ಲ. ನಿಲ್ಲಿಸ್ಲೇಬೇಕು.”

ನಾಗರಾಜು ಸ್ವಲ್ಪವೂ ಕೋಪಿಸಿಕೊಳ್ಳಲಿಲ್ಲ. ನಿಜವಾಗಿಯೂ ತಿಳಿಯಬಯಸುವವನ ಹಾಗೆ ಕೇಳಿದ: “ನಿಲ್ಲಿಸ್ಲೇಬೇಕು ಅನ್ನಕ್ಕೆ ನೀವೇನು ಗೌರ್ಮೆಂಟಾ ಸಾರ್?”

ಊದಿನಕಡ್ಡಿಯವರ ಬಲಗೈ ತಾನಾಗಿ ಮೇಲೆದ್ದಿತು. ತೋರುಬೆರಳು ತಟ್ಟಲಿಲ್ಲ. ಹೌದೆಂದರೆ ಜೀವಮಾನದ ವಾದ ಹೋಯಿತು. ಅಲ್ಲವೆಂದರೆ ಮೋಟಾರು ನಿಲ್ಲುವುದಿಲ್ಲ.

ಅವರಿಗೆ ಇನ್ನೊಂದು ಅಸ್ತ್ರವಿತ್ತು: ಜನತೆಯ ಸ್ವಯಂಪ್ರೇರಣೆ. ಕೆಳಗಿನ ಮನೆಗಳಿಂದ ಬಕೆಟ್ಟಿನಲ್ಲಿ ನಾವೇ ಹೊತ್ತು ಹಾಕೋಣ ಎಂದು ಮನೆಮನೆಗೆ ಹೇಳಿಬಂದರು. ತತ್ತ್ವವನ್ನು ಎಲ್ಲರೂ ಮನಸಾರೆ ಒಪ್ಪಿದರು. ಒಬ್ಬರಿಗೆ ಬೆನ್ನು ಹಿಡಿದಿತ್ತು, ಇನ್ನೊಬ್ಬರು ಈಗ ತಾನೇ ಎಣ್ಣೆ ಹಚ್ಚಿಕೊಂಡಿದ್ದರು, ಮತ್ತೊಬ್ಬರು “ನೀವು ಶುರುಮಾಡಿ, ಹಿಂದೆಯೇ ಬಂದೆ” ಎಂದು ಮುಂದಿನ ವರ್ಷದ ತನಕ ಬರಲಿಲ್ಲ. ಆ ಮನುಷ್ಯ, ಆ ವಯಸ್ಸಿನಲ್ಲಿ, ಪಂಚೆ ಒದ್ದೆ ಮಾಡಿಕೊಂಡು ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಏರು ಹತ್ತಿದರು. ನಾನೂ ಹೊತ್ತೆ. ಪದ್ದಮ್ಮನವರ ಕೊಳಗದಲ್ಲಿ ಆ ನೀರು ಎಲ್ಲಿದೆಯೆಂದು ಹುಡುಕಬೇಕಿತ್ತು. ಅವರು ತೊಳೆಯದ ಬೇಳೆಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ಹೊಸಿಲಿನ ಮೇಲೆ ಕೂತಿದ್ದರು.

ಊದಿನಕಡ್ಡಿಯವರು ಬಕೆಟ್ಟು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಸ್ವಾಮಿ, ನಿಮ್ಮ ಸ್ಕೂಟರ್ ತೆಗೀರಿ. ಬಿನ್ನಿಪೇಟೆಗೆ ಹೋಗ್ಬೇಕು.”

ಬಿನ್ನಿಪೇಟೆಯಲ್ಲಿದ್ದದ್ದು ನೀರಿನವನ ಮನೆ. ದಾರಿಯಲ್ಲಿ ಕೆಂಪು ದೀಪ ಬಂತು. ನಾನು ನಿಲ್ಲಿಸಿದೆ. ಹಿಂದೆ ಕೂತವರು ಅದು ಹಸಿರಾಗುವ ತನಕ ಅದನ್ನೇ ನೋಡುತ್ತಿದ್ದರು.

ನೀರಿನವನು ಬನಿಯನ್ನಿನಲ್ಲಿ ಚಾಪೆಯ ಮೇಲೆ ಮಲಗಿ ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ. “ಸಾರ್! ವಾಲ್ವ್ ಏನಾದ್ರೂ ಕಿತ್ತೋಯ್ತಾ?” ಎಂದು ಎದ್ದು ಕೂತ.

“ಇಲ್ಲಪ್ಪ. ಬೀದಿ ಕಡೆ ಒಂದು ಸಲ ಬಂದುಹೋಗು.”

“ನೀವೇ ಚೆನ್ನಾಗಿ ನೋಡ್ಕೊತಿದೀರಲ್ಲ ಸಾರ್. ನಮ್ಮದೆಲ್ಲಾ ಬರೀ ಲಂಚದ ಕೆಲಸ.”

ಊದಿನಕಡ್ಡಿಯವರು ಚೀಲದಿಂದ ಒಂದು ದಪ್ಪ ಕಟ್ಟು ತೆಗೆದು ಚಾಪೆಯ ಮೇಲಿಟ್ಟರು. ಅವರ ಅಂಗಡಿಯ ಮೇಲ್ತರಗತಿಯ ಮಾಲು, ಮನೆಯವರಿಗೂ ಕೊಡುತ್ತಿರಲಿಲ್ಲ. ಕೋಣೆ ಘಮ್ಮೆಂದಿತು.

“ಇದೇನು ಸಾರ್?”

“ಹಬ್ಬ ಅಲ್ವೇನಪ್ಪ. ದೇವರಿಗೆ.”

“ಇದಕ್ಕೆ ಏನಂತಾರೆ ಗೊತ್ತಾ ಸಾರ್?”

ನಾನು ಸೂರು ನೋಡಿದೆ. ಊದಿನಕಡ್ಡಿಯವರು ನೆಲ ನೋಡಿದರು. ನೀರಿನವನು ಕಟ್ಟನ್ನು ಮೂಗಿಗೆ ಹಿಡಿದು, ದೀರ್ಘವಾಗಿ ಎಳೆದುಕೊಂಡು, ತಾನೇ ಉತ್ತರ ಹೇಳಿದ: “ಊದಿನಕಡ್ಡಿ ಅಂತಾರೆ.” ಮೊಳೆಯಿಂದ ಖಾಕಿ ಅಂಗಿ ತೆಗೆದು ಹಾಕಿಕೊಂಡ. ಅದಕ್ಕೊಂದು ಗುಂಡಿ ಇರಲಿಲ್ಲ.

ಬೀದಿಗೆ ಬಂದವನೇ ನಾಗರಾಜುವಿನ ಗೇಟಿನ ಮುಂದೆ ಸೈಕಲ್ಲಿನ ಗಂಟೆ ಬಾರಿಸಿದ.

“ಅಣ್ಣಾ, ಮೋಟ್ರು.”

“ಈಗ್ಲೇ ಆಫ್ ಮಾಡ್ಸ್ತೀನಿ, ಈಗ್ಲೇ. ಸುಮ್ನೆ ಹಾಕಿದ್ದು,” ಎಂದ ನಾಗರಾಜು. ಮೋಟಾರು ನಿಂತಿತು. ಕಾಫಿಯ ಮಾತೂ ಬರಲಿಲ್ಲ.

ಮೇಲಿನ ಮನೆಯಲ್ಲಿ ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಸುರಿಯಿತು. ಡ್ರಮ್ಮು ತುಂಬಿ ಕೊಳಗಗಳು ತುಂಬುವ ತನಕ ವಾಲ್ವ್ ಮುಚ್ಚಲಿಲ್ಲ. ಪಕ್ಕದ ಬೀದಿಯವರು ಬಂದು ಕೂಗಾಡಿದರು. “ಪೈಪ್ ರಿಪೇರಿ,” ಎಂದ ನೀರಿನವನು, ಕಣ್ಣು ಮಿಟುಕಿಸದೆ. ಅವರು ನಂಬಿ ಹೊರಟುಹೋದರು.

ಊದಿನಕಡ್ಡಿಯವರು ತಮ್ಮ ಕೀಲಿಯನ್ನು ಗೋಡೆಗೆ ಒರಗಿಸಿ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಕೊನೆಗೆ ನನಗೆ ಹೇಳಿದರು: “ಅದು ಸರ್ಕಾರ ಅಲ್ಲ ಸ್ವಾಮಿ. ಅಂಗಿ.”

ಕಿಟಕಿಯಿಂದ ಧ್ವನಿ ಬಂತು. “ಹಂಗಾದ್ರೆ ಕೀಲಿ ಬದಲು ಅಂಗಿ ಹೊಲಿಸ್ಬೇಕಿತ್ತು.”

ಹಬ್ಬದ ದಿನ ಎಲ್ಲ ಮನೆಗಳಿಗೂ ಒಬ್ಬಟ್ಟು ತಲುಪಿತು. ನೀರಿನವನಿಗೂ ಡಬ್ಬಿ ಹೋಯಿತು. ಊದಿನಕಡ್ಡಿಯವರು ಜಗಲಿಯ ಮೇಲೆ ಕೂತು ತಮ್ಮ ಪಾಲನ್ನು ತಿಂದು, ಇನ್ನೊಂದಿದೆಯೇ ಎಂದು ಒಳಗೆ ಕೇಳಿದ್ದನ್ನು ನಾನು ಕೇಳಿಸಿಕೊಂಡೆ.

ಅಭಿಪ್ರಾಯವನ್ನು ಅವರು ಕೊನೆಯ ತನಕ ಬದಲಿಸಲಿಲ್ಲ. ‘ಬೇಡ’ ಎನ್ನುತ್ತಿದ್ದ ಕಡೆ ‘ಇಷ್ಟೊಂದು ಬೇಡ’ ಎನ್ನತೊಡಗಿದರು, ಅಷ್ಟೇ. ಬೆರಳು ತಟ್ಟುವುದು ನಿಲ್ಲಲಿಲ್ಲ. ಆದರೆ ತಟ್ಟುವ ಮುನ್ನ ನಾಗರಾಜುವಿನ ಮನೆಯ ಕಡೆ ಒಮ್ಮೆ ನೋಡುತ್ತಿದ್ದರು. ಆ ನಾಗರಾಜು ಮುಂದಿನ ಚುನಾವಣೆಯಲ್ಲಿ ನಿಂತು ಕಾರ್ಪೊರೇಟರ್ ಆದ. ತನ್ನ ಮನೆಗೆ ಬೇರೆ ಲೈನೇ ಹಾಕಿಸಿಕೊಂಡದ್ದರಿಂದ ಮೋಟಾರಿನ ತಕರಾರು ಶಾಶ್ವತವಾಗಿ ಬಗೆಹರಿಯಿತು.

ಕಾಟನ್‌ಪೇಟೆಯ ಕೀಲಿಯನ್ನು ಮಗಳು ಹಿತ್ತಲಿನಲ್ಲಿ ಬಾಳೆಗಿಡಕ್ಕೆ ಆನಿಕೆಯಾಗಿ ಕೊಟ್ಟಿದ್ದಾಳೆ. ವಾಲ್ವನ್ನು ಇಲಾಖೆಯವರು ತೆರೆಯುತ್ತಾರೆ. ಏರಿನ ಮನೆಗೆ ನೀರು ಬರುತ್ತದೆ.